ಕನ್ನಡ ಕೀಬೋರ್ಡ್

ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಅವಧಿ ಮೀರಿದ ಇಂಜೆಕ್ಷನ್‌ಗಳ ಬಗ್ಗೆ ಹೆಸರಿಲ್ಲದ ದೂರು ಬರೆಯಲು ನರ್ಸ್ ವಿಮಲಾಕ್ಷಿ ಹೊರಟಾಗ, ಗುರುತು ಬಿಟ್ಟುಕೊಡದ ಬ್ರೌಸರನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟವನು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಗಿರಿಧರ.

"ಇದಕ್ಕೆ ಬೇರೇನೂ ಸೇರಿಸ್ಬೇಡಿ ಅಂತ ಬರ್ತಿದೆಯಲ್ಲೋ?"

"ಕನ್ನಡ ಕೀಬೋರ್ಡ್ ಸೇರಿಸ್ದೆ ಕನ್ನಡದಲ್ಲಿ ಹೆಂಗ್ ಬರೀತೀರಕ್ಕ? ಒತ್ತಿ, ನಾನಿದೀನಲ್ಲ."

ಒತ್ತಿದಳು. ಬರೆದಳು.

ಮೂರನೇ ದಿನ ಆಸ್ಪತ್ರೆ ನಡೆಸುವ ಡಾಕ್ಟರು ಅವಳನ್ನು ಕೋಣೆಗೆ ಕರೆದು ಆ ದೂರನ್ನು ಮುಂದಿಟ್ಟರು. ಅವಳು ಬರೆದು ಅಳಿಸಿದ್ದ ಸಾಲುಗಳೂ ಅದರಲ್ಲಿದ್ದವು.

"ನಿಮ್ಮ ಕೀಬೋರ್ಡ್ ಎಲ್ಲಾ ಹೇಳ್ತು ಸಿಸ್ಟರ್. ಅದನ್ನ ಹಾಕ್ಕೊಟ್ಟಿದ್ದು ಯಾರು?"

ಗಿರಿಧರನಿಗೆ ಇಬ್ಬರು ಎಳೆಯ ಮಕ್ಕಳು.

"ಯಾರೂ ಇಲ್ಲ ಸರ್. ಎಲ್ಲಾ ನಾನೇ ಮಾಡ್ಕೊಂಡಿದ್ದು."

ಡಾಕ್ಟರು ನಗುತ್ತ ಅವಳ ಬೆನ್ನ ಹಿಂದಿನ ಬಾಗಿಲತ್ತ ನೋಡಿದರು.

"ನೀನು ಹೇಳ್ದಂಗೇ ಆಯ್ತು ಕಣಯ್ಯ ಗಿರಿಧರ. ಅಕ್ಕ ನಿನ್ನ ಹೆಸರು ಎತ್ತಲೇ ಇಲ್ಲ."