ಬಾಗಿಲ ಕೆಳಗೆ ಎರಡು ಪಾದ

ಆನ್‌ಲೈನ್ ಪರೀಕ್ಷೆಯ ಹನ್ನೊಂದನೆಯ ನಿಮಿಷಕ್ಕೆ ಪರದೆ ಗಕ್ಕನೆ ನಿಂತಿತು. 'ಸಂಪರ್ಕ ಕಡಿದಿದೆ.' ಅದೇ ಹೊತ್ತಿಗೆ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಬಂದು ನಿಂತಿತು.

ಸೊಸೆ ಬಾಗಿಲತ್ತ ಕಣ್ಣು ಹೊರಳಿಸಿದಳು. ಅತ್ತೆ! ಬಾಗಿಲ ಆಚೆ, ಚೌಕಟ್ಟಿನ ಪಕ್ಕದಲ್ಲೇ, ಭುಜದೆತ್ತರಕ್ಕೆ ಸ್ವಿಚ್ ಬೋರ್ಡ್ ಇದೆ. ಅದರಲ್ಲಿ ವೈಫೈ ಪೆಟ್ಟಿಗೆಯ ಪ್ಲಗ್. ಒಮ್ಮೆ ಕಿತ್ತರೆ, ಮತ್ತೆ ಹಾಕಿದರೂ ಲೈನ್ ಬರಲು ನಿಮಿಷದ ಮೇಲೆ ಬೇಕು. ಅಲ್ಲಿ ಅತ್ತೆಗೆ ಬೇರೇನು ಕೆಲಸ?

ಎದ್ದು ನೋಡುವಂತಿಲ್ಲ. ಕ್ಯಾಮೆರಾದ ಆಚೆ ಎಲ್ಲೋ ಒಬ್ಬ ಮೇಲ್ವಿಚಾರಕ ಕಣ್ಣಿಟ್ಟು ಕೂತಿದ್ದಾನೆ. ಕುರ್ಚಿ ಬಿಟ್ಟರೆ ಪರೀಕ್ಷೆ ರದ್ದು. ಇನ್ನೊಬ್ಬರ ದನಿ ಕೇಳಿಸಿದರೆ ರದ್ದು. ಲೈನ್ ಎರಡು ನಿಮಿಷ ಹೋದರೂ ರದ್ದು. ಇದನ್ನೆಲ್ಲ ಬೆಳಿಗ್ಗೆ ಅತ್ತೆಗೆ ಓದಿ ಹೇಳಿದವಳು ಸೊಸೆಯೇ. ಒಂದಲ್ಲ, ಎರಡು ಸಲ. ಹೇಳಲೇಬಾರದಿತ್ತು.

ಮನಸ್ಸಿನಲ್ಲೇ ಸೆಕೆಂಡು ಎಣಿಸಿದಳು. ಎಪ್ಪತ್ತು. ಎಪ್ಪತ್ತೈದು. ಎಂಬತ್ತಕ್ಕೆ ಪರದೆ ಜೀವ ಪಡೆಯಿತು. ನೆರಳು ಮಾತ್ರ ಅಲುಗಲಿಲ್ಲ.

ತೆಗೆಯುವುದು, ಹಾಕುವುದು. ಸುಮ್ಮನೆ ಹೆದರಿಸುವುದು. ಸರಿ, ನೋಡೋಣ.

ಇದು ಮೂರನೆಯ ಪ್ರಯತ್ನ. ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಕೆಲಸದ ಮೊದಲ ಮೆಟ್ಟಿಲಿನ ಸರ್ಟಿಫಿಕೇಟ್. ಬಲ್ಲವರು ಇದನ್ನು ಎಲ್‌ಕೆಜಿ ಎಂದು ನಗುತ್ತಾರೆ. ನಗಲಿ. ಗಂಡ ತೀರಿಕೊಂಡು ಎರಡು ವರ್ಷ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು, ಗಿರಾಕಿಗಳು ಕೆದರಿ ಹೋದದ್ದನ್ನು ಮಡಚುವ ಕೆಲಸ. ಮೂವತ್ತೆಂಟರ ಈ ಹೆಂಗಸಿಗೆ ಕೂತು ಮಾಡುವ ಕೆಲಸ ಕೊಡಲು ಒಪ್ಪಿದ್ದು ಒಂದೇ ಕಂಪನಿ, ಅದೂ ಹೆಲ್ಪ್‌ಡೆಸ್ಕಿನಲ್ಲಿ. ಇವತ್ತು ಸಂಜೆಯೊಳಗೆ ಸರ್ಟಿಫಿಕೇಟ್ ತೋರಿಸದಿದ್ದರೆ ಆ ಕುರ್ಚಿ ಬೇರೆಯವರ ಪಾಲು.

ಕುರ್ಚಿ ಇರುವುದು ಬೇರೆ ಊರಿನಲ್ಲಿ. ತೊಡಕು ಅದೇ. "ಅಲ್ಲಿ ನಂಗೆ ಸಿಗೋದು ಹಾಸ್ಟೆಲ್ ರೂಮು. ಅಮ್ಮನ್ನ ನೀವೇ ಕರ್ಕೊಂಡು ಹೋಗಿ," ಎಂದು ಸೊಸೆ ನಾದಿನಿಗೆ ಫೋನಿನಲ್ಲಿ ಹೇಳಿ ತಿರುಗಿದರೆ, ಅತ್ತೆ ಹಿಂದೆಯೇ ನಿಂತಿದ್ದರು. ಮಾರನೆಯ ದಿನ ಕೇಳಿದರು, "ನಿನ್ನ ಹಾಸ್ಟೆಲ್‌ನಲ್ಲಿ ಬಿಸಿನೀರು ಬರುತ್ತಾ?"

ಚುಚ್ಚುಮಾತು ಎಂದರೆ ಹೀಗಿರಬೇಕು.

ಸರ್ಟಿಫಿಕೇಟುಗಳ ಮೇಲೆ ಅತ್ತೆಗೆ ನಂಬಿಕೆ ಅಷ್ಟಕ್ಕಷ್ಟೇ. ಅವರದೂ ಒಂದಿದೆ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದು: ಟೆಲಿಫೋನ್ ಆಪರೇಟರ್. ಇಪ್ಪತ್ತಾರು ವರ್ಷ ಎಕ್ಸ್‌ಚೇಂಜಿನಲ್ಲಿ ಪಿನ್ ಚುಚ್ಚಿ ಊರಿಗೆಲ್ಲ ಲೈನ್ ಕೊಟ್ಟವರು. "ಅವರ ಮಾತು ಮುಗಿಯೋವರೆಗೂ ನಾವು ಪಿನ್ ಕೀಳ್ತಿರ್ಲಿಲ್ಲ, ಊಟ ಆರಿಹೋದ್ರೂ ಸರಿ. ಕೊನೆಗೆ ಯಂತ್ರ ಬಂದು ನಮ್ಮ ಪಿನ್ನೇ ಕಿತ್ತಾಕ್ತು," ಎನ್ನುತ್ತಿದ್ದರು. "ಕಾಗದ ಗೋಡೇಲಿ ಉಳೀತು, ನಾನು ಮನೇಲಿ ಉಳಿದೆ."

ಮೊದಲ ಸಲ ಸೊಸೆ ಎಂಟು ಅಂಕಕ್ಕೆ ಫೇಲಾದಳು. ಅದು ಅವಳದೇ ತಪ್ಪು. ಎರಡನೆಯ ಸಲ, ಆ ಫೋನಿನ ಮಾತಾದ ನಾಲ್ಕನೆಯ ದಿನ, ಪರೀಕ್ಷೆಯ ನಡುವೆ ಲೈನ್ ಸತ್ತಿತು. ಓಡಿಬಂದರೆ ಅತ್ತೆಯ ಕೈಯಲ್ಲಿ ಪ್ಲಗ್.

"ಅದು ಅಲ್ಲಿ ನಿಲ್ಲಲ್ಲ ಕಣೇ," ಎಂದರು.

ಸೊಸೆ ಪ್ಲಗ್ ಕಸಿದುಕೊಂಡು ಬೋರ್ಡಿಗೆ ತುರುಕಿ, ಅದುಮಿ ಹಿಡಿದಳು. "ಯಾಕೆ ನಿಲ್ಲಲ್ಲ? ನಾನು ಪಾಸಾಗೋದು ನಿಮಗೆ ಬೇಡ, ಅಷ್ಟೇ ತಾನೆ?"

ಅತ್ತೆ ಅವಳನ್ನೇ ನೋಡಿದರು. "ಕೈ ಬಿಡು. ಗೊತ್ತಾಗುತ್ತೆ."

ಪರೀಕ್ಷೆ ಕೈ ಬಿಡಬೇಕಂತೆ! ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಯಾರೂ ಕೀಳಬಾರದೆಂದು ಅಲ್ಲೇ ಪ್ಲಗ್ಗಿನ ಮೇಲೆ ಮೂರು ಸುತ್ತು ಟೇಪು ಅಂಟಿಸಿದಳು. ಅವತ್ತು ಮಾತು ಬಿಟ್ಟವಳು, ಇವತ್ತು ನಿಯಮ ಓದಲೆಂದೇ ಬಾಯಿ ತೆರೆದಿದ್ದಳು.

ನಲವತ್ತನೆಯ ನಿಮಿಷ. ನೆರಳು ಅಲ್ಲೇ ಇತ್ತು. ಮಂಡಿನೋವಿನ ಅತ್ತೆ ಒಲೆ ಮುಂದೆ ಹತ್ತು ನಿಮಿಷ ನಿಂತರೆ ಉಸ್ಸೆಂದು ಕೂರುವವರು. ಈಗ ಎಡಗಾಲು ಎತ್ತುತ್ತಿದ್ದರು, ಇಳಿಸುತ್ತಿದ್ದರು. ಬಲಗಾಲು ಎತ್ತುತ್ತಿದ್ದರು. ಹಟ ಎಂದರೆ ಇದು.

ಪರದೆಯ ಮೇಲೆ ಹೊಸ ಪ್ರಶ್ನೆ ಬಂತು: ಗ್ರಾಹಕರ ಲೈನ್ ಆಗಾಗ ಕಡಿದುಹೋಗುತ್ತಿದೆ. ಮೊದಲು ಏನನ್ನು ಪರೀಕ್ಷಿಸುವಿರಿ? ನಿದ್ದೆಯಲ್ಲಿ ಕೇಳಿದರೂ ಹೇಳಿಯಾಳು. ಪ್ಲಗ್, ವೈರುಗಳು ಗಟ್ಟಿಯಾಗಿ ಕೂತಿವೆಯೇ ಎಂದು. ಗುರುತು ಹಾಕಿ ಮುಂದಿನದಕ್ಕೆ ಹೋದಳು.

ಅರವತ್ತಮೂರನೆಯ ನಿಮಿಷಕ್ಕೆ ಆಚೆ ಗೋಡೆಗೆ ಅಂಗೈ ಬಡಿದ ಸದ್ದು. ಪರದೆ ಮತ್ತೆ ಸತ್ತಿತು. ಸೊಸೆ ಮತ್ತೆ ಎಣಿಸತೊಡಗಿದಳು. ಕಿರುಚಬೇಕೆನಿಸಿತು, ತುಟಿ ಕಚ್ಚಿಕೊಂಡಳು. ತೊಂಬತ್ತು. ನೂರು. ನೂರೈದು. ದೇವರೇ! ನೂರೆಂಟಕ್ಕೆ ಲೈನ್ ಬಂತು.

ಆ ಸಿಟ್ಟಿನಲ್ಲೇ ಉಳಿದ ಪ್ರಶ್ನೆಗಳನ್ನು ಮುಗಿಸಿದಳು. ಒಂದೊಂದು ಉತ್ತರಕ್ಕೂ ಅತ್ತೆಗೆ ಹೇಳಬೇಕಾದ ಒಂದೊಂದು ಮಾತನ್ನು ಜೋಡಿಸಿಟ್ಟುಕೊಂಡಳು. ನಾಳೆ ಅಲ್ಲ, ಇವತ್ತೇ ಹೊರಡಿ ನಿಮ್ಮ ಮಗಳ ಮನೆಗೆ. ನಿಮ್ಮ ಕಾಗದವನ್ನೂ ಗೋಡೆಯಿಂದ ಇಳಿಸಿಕೊಂಡು ಹೋಗಿ.

ತೊಂಬತ್ತನೆಯ ನಿಮಿಷ. ಪರದೆ ಒಂದು ಕ್ಷಣ ಬೆಳ್ಳಗಾಗಿ ಅಕ್ಷರಗಳು ಮೂಡಿದವು: ತೇರ್ಗಡೆ.

ನಗು ಬರಲಿಲ್ಲ. ಮೇಲ್ವಿಚಾರಕ 'ಇನ್ನು ಏಳಬಹುದು' ಎಂದು ಬರೆದದ್ದೇ ತಡ, ಕುರ್ಚಿ ಹಿಂದಕ್ಕೆ ತಳ್ಳಿ ಹೋಗಿ ಬಾಗಿಲನ್ನು ದಢಾರನೆ ತೆರೆದಳು.

ಅತ್ತೆ ಗೋಡೆಗೆ ಹಣೆ ಆನಿಸಿ ನಿಂತಿದ್ದರು. ಕಾಲ ಬಳಿ ಅಂಟು ಬಿಟ್ಟ ಟೇಪಿನ ಸುರುಳಿ ಬಿದ್ದಿತ್ತು. ಸವೆದು ಅಗಲವಾದ ತೂತುಗಳಿಂದ ಜಾರಿ ಬರುತ್ತಿದ್ದ ಪ್ಲಗ್ಗನ್ನು ಅವರ ಎಡ ಹೆಬ್ಬೆರಳು ಬೋರ್ಡಿಗೆ ಒತ್ತಿ ಹಿಡಿದಿತ್ತು. ಸೋತ ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು.

"ಮುಗೀತಾ?" ಅತ್ತೆ ಪಿಸುದನಿಯಲ್ಲಿ ಕೇಳಿದರು. "ಇನ್ನು ಕೈ ಬಿಡ್ಲಾ?"