ಮೂರನೇ ಪುಟದ ಪ್ರಕಟಣೆ

ನಾನು ಮೆಚ್ಚಿದ ಹುಡುಗನನ್ನು ಅಪ್ಪ ಒಪ್ಪದೆ ತಿಂಗಳಾಗಿತ್ತು. ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳನ್ನು ಸ್ಕ್ಯಾನ್ ಮಾಡುತ್ತಿದ್ದವಳಿಗೆ ಅಜ್ಜಿಯ ಹೆಸರಿದ್ದ ಒಂದು ಪ್ರಕಟಣೆ ಸಿಕ್ಕಿದ್ದೇ ತಡ, ಪ್ರತಿ ಹಿಡಿದು ಅಜ್ಜಿಯ ಬಳಿಗೆ ಹಾರಿಕೊಂಡೇ ಬಂದೆ.

“ಅಜ್ಜಿ, ಕೇಳಿಲ್ಲಿ! ‘ಮಗಳೇ ಅಂಬುಜಾ, ಎಲ್ಲಿದ್ದರೂ ಮನೆಗೆ ಬಾ. ನೀನು ಮೆಚ್ಚಿದವನಿಗೇ ಕೊಟ್ಟು ಮದುವೆ ಮಾಡುತ್ತೇನೆ. ಇಂತಿ, ನಿನ್ನ ತಂದೆ.’ ಮುತ್ತಾತ ಎಷ್ಟು ಒಳ್ಳೆಯವರು! ಇದನ್ನ ಅಪ್ಪನಿಗೆ ತೋರಿಸ್ತೀನಿ.”

ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. “ಅಯ್ಯೋ ಪೆದ್ದಿ, ನಿಮ್ಮ ತಾತ ಆ ಪ್ರೆಸ್ಸಲ್ಲೇ ಅಚ್ಚಿನ ಮೊಳೆ ಜೋಡಿಸ್ತಿದ್ರು. ನಾನು ಹೇಳ್ತಾ ಹೋದೆ, ಅವರು ಜೋಡಿಸ್ತಾ ಹೋದ್ರು. ಊರೆಲ್ಲ ಓದಿದ ಮೇಲೆ ನಮ್ಮಪ್ಪ ಇಲ್ಲ ಅನ್ನೋ ಹಾಗಿರ್ಲಿಲ್ಲ.”

ಆಮೇಲೆ ಕನ್ನಡಕ ಏರಿಸಿಕೊಂಡು ಕೇಳಿದಳು: “ಅದಿರ್ಲಿ, ನಮ್ಮ ನೆಂಟರೆಲ್ಲ ಈಗ ಓದೋದು ಪೇಪರೋ, ವಾಟ್ಸಾಪೋ?”