ಮರುಪರಿಶೀಲನೆ

ವಿಮಾ ಕಚೇರಿಯ ಸಹಾಯವಾಣಿಯವರು ಆ ಕರೆಯನ್ನು ನೇರವಾಗಿ ಪ್ರೋಗ್ರಾಮರ್ ಸುಗುಣಾಳಿಗೇ ಕೊಟ್ಟರು. ಆಸ್ಪತ್ರೆಯಿಂದ ಬಸಲಿಂಗವ್ವ ಮಾತನಾಡುತ್ತಿದ್ದಳು.

"ನಮ್ಮ ಮನಿಯವರ ಆಪರೇಷನ್ನಿಗೆ ಒಪ್ಪಿಗಿ ಬರವಲ್ದುರೀ. ಮುಂಜಾನಿಂದ 'ಮರುಪರಿಶೀಲನೆ' ಅಂತನ ತೋರಸಾಕತ್ತೈತಿ."

ಸುಗುಣಾ ಪ್ರೋಗ್ರಾಮನ್ನೆಲ್ಲ ಜಾಲಾಡಿದಳು. 'ಮರುಪರಿಶೀಲನೆ' ಎಂಬ ವರ್ಗವೇ ಅದರಲ್ಲಿರಲಿಲ್ಲ. ಯಾರೋ ಅದನ್ನು ನಿಯಮಗಳ ಫೈಲಿನೊಳಗೇ ಹೊಸದಾಗಿ ಘೋಷಿಸಿದ್ದರು. ಆ ನಿಯಮಗಳನ್ನು ಓದಿ ಅರ್ಜಿಗಳನ್ನು ವಿಂಗಡಿಸುವ ರೂಲ್ಸ್ ಎಂಜಿನ್ ಕೆಲಸ ಶುರುಮಾಡಿದ ಮೇಲಷ್ಟೇ ಅದು ಹುಟ್ಟುತ್ತಿತ್ತು. ಅದರಲ್ಲಿ ಯಾರು ಯಾರು ಸಿಕ್ಕಿದ್ದಾರೆಂದು, ವರ್ಗದ ಸರಿಯಾದ ಹೆಸರು ಹಿಡಿದು ಎಂಜಿನ್ನನ್ನೇ ಕೇಳಬೇಕಿತ್ತು.

"ಫೋನ್ ಇಡ್ಬೇಡಿ ಅಮ್ಮಾ, ಹುಡುಕ್ತಿದ್ದೀನಿ."

"ಇಡಂಗಿಲ್ಲವ್ವಾ. ಲಗೂನ ಮಾಡು."

ಎರಡು ಸಲ ಕೇಳಿದರೂ ಎಂಜಿನ್ ಏನನ್ನೂ ಕೊಡಲಿಲ್ಲ. ಫೋನಿನ ಆ ಕಡೆ ಒಮ್ಮೆ ಗದ್ದಲವಾಗಿ, ಆಮೇಲೆ ಬಹಳ ಹೊತ್ತು ಸದ್ದೇ ಇರಲಿಲ್ಲ.

"ಅಮ್ಮಾ, ಇದ್ದೀರಾ?"

"ಅದೀನಿ. ನೀ ಹುಡುಕು."

ಮೂರನೆಯ ಸಲಕ್ಕೆ ಪಟ್ಟಿ ಬಂತು. ಮುನ್ನೂರ ಹನ್ನೆರಡು ರೋಗಿಗಳು ಆ ವರ್ಗದಲ್ಲಿ ಸಿಕ್ಕಿಕೊಂಡಿದ್ದರು. ಒಬ್ಬರನ್ನು ಹೊರತೆಗೆದರೆ ನಿಯಮ ಮತ್ತೆ ಒಳಗೆ ಸೇರಿಸುತ್ತಿತ್ತು. ನಿಯಮವನ್ನೇ ಅಳಿಸಬೇಕಿತ್ತು.

"ಅನುಮತಿ ಇಲ್ದೆ ಅದನ್ನ ಮುಟ್ಟಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡಿ," ಎಂದ ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್.

ಆದರೂ ಸುಗುಣಾ ನಿಯಮವನ್ನು ಅಳಿಸಿಬಿಟ್ಟಳು.

"ಆಯ್ತಮ್ಮಾ, ಒಪ್ಪಿಗೆ ಬಂತು! ಯಜಮಾನರನ್ನ ಈಗ್ಲೇ ಆಪರೇಷನ್ನಿಗೆ ಕರ್ಕೊಂಡ್ಹೋಗೋಕೆ ಹೇಳಿ."

"ಅವರು ತೀರಿಕೊಂಡು ಅರ್ಧ ತಾಸಾತವ್ವಾ," ಎಂದಳು ಬಸಲಿಂಗವ್ವ. "ಬಾಜೂ ಮಂಚದ ಕೂಸಿಗೂ ಹಿಂಗ ತೋರಸಾಕತ್ತಿತ್ತು, ಅದಕ್ಕ ಫೋನ್ ಇಡಲಿಲ್ಲ."